ಸೋತ ದಾಳಕ್ಕೂ ಕಥೆ ಬೇಕು: ಮಕ್ಕಳಿಗಾಗಿ ಮನೆಯಲ್ಲೇ ಕಟ್ಟಿದ ರೋಲ್‌ಪ್ಲೇ ಆಟ

ಮೊದಲ ಆಟ 20 ನಿಮಿಷಕ್ಕೇ ನಿಂತುಹೋಯಿತು. ಒಂದು ಕಲ್ಲಿನ ಗೋಪುರ, ಅದಕ್ಕೆ ಬೀಗ ಹಾಕಿದ ಬಾಗಿಲು. ಮಗನ ಪಾತ್ರ ಡುಂಡು ಅನ್ನೋ ಮುಂಗುಸಿ. ಬೀಗ ತೆಗೆಯೋಕೆ 20 ಮುಖದ ದಾಳ ಹಾಕಿದ, 3 ಬಿತ್ತು. ಬಾಗಿಲು ತಳ್ಳಿದ, 8. ಕಿಟಕಿ ಹತ್ತೋಕೆ ನೋಡಿದ, 5. ಬಾಗಿಲ ಕೆಳಗೆ ಮಣ್ಣು ತೋಡಿದ, 10. ನಮ್ಮ ನಿಯಮದ ಪ್ರಕಾರ 11 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಗೆಲುವು. ನಾಲ್ಕು ಸಲವೂ ನಾನು ಹೇಳಿದ್ದು ಒಂದೇ ಮಾತು, "ಆಗಲಿಲ್ಲ." ಅವನು ದಾಳವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಡುಂಡುಗೆ ಏನೂ ಬರಲ್ಲ ಅಮ್ಮ" ಅಂದು ಎದ್ದು ಹೋದ.

ಅವನಿಗೆ 7 ವರ್ಷ, ಅವನ ಅಕ್ಕನಿಗೆ 10. ಮಕ್ಕಳು ಮಲಗಿದ ಮೇಲೆ ಆಟದ ಸಾಮಾನನ್ನೆಲ್ಲ ಮತ್ತೆ ಹರಡಿಕೊಂಡು ಕೂತೆ. ಅವನು ಯೋಚಿಸಿದ ನಾಲ್ಕು ಉಪಾಯಗಳೂ ಚೆನ್ನಾಗಿದ್ದವು. ಕೆಟ್ಟಿದ್ದು ಆಟ, ಮಗು ಅಲ್ಲ. ಕೆಟ್ಟ ಆಟವನ್ನು ಬಿಚ್ಚಿ ನೋಡಿ ರಿಪೇರಿ ಮಾಡಬಹುದು. ಮುಂದಿನ 5 ವಾರ ಮಾಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. "ನಿಮ್ಮ ಮುಂದೆ ಒಂದು ನದಿ ಇದೆ, ಏನು ಮಾಡ್ತೀರಿ?" ಅಂತ ಕೇಳಿದರೆ ಮಕ್ಕಳು ಬಾಯಲ್ಲಿ ಹೇಳುತ್ತಾರೆ. ಆಗುತ್ತೋ ಇಲ್ವೋ ಅನ್ನೋ ಅನುಮಾನ ಬಂದಾಗ ದಾಳ ಹಾಕುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಬಗೆಯ ಆಟಗಳಿಗೆಲ್ಲ ಹಿರಿಯ. ಅದರ 20 ಮುಖದ ದಾಳವನ್ನೇ ನಾನೂ ಮೊದಲು ತಂದಿಟ್ಟಿದ್ದೆ. ಇಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಗೆಲ್ಲಬೇಕಾಗಿಲ್ಲ. ಇಬ್ಬರೂ ಒಂದೇ ಕಡೆ. ಅಕ್ಕ ತಮ್ಮ ಜಗಳವಾಡದೆ ಆಡಬಹುದಾದ ಆಟ ಬೇಕು ಅಂತಲೇ ನಾನು ಇದಕ್ಕೆ ಕೈ ಹಾಕಿದ್ದು.

ಮೊದಲ ವಾರ: ಲೆಕ್ಕ ಹಾಕಿ ನೋಡಿದ್ದು

20 ಮುಖದ ದಾಳದಲ್ಲಿ 11 ಅಥವಾ ಜಾಸ್ತಿ ಬೀಳಬೇಕು ಅಂದರೆ ಅರ್ಧಕ್ಕರ್ಧ ಅವಕಾಶ. ಕೇಳೋಕೆ ನ್ಯಾಯವಾಗೇ ಇದೆ. ಆದರೆ ನಾಲ್ಕು ಸಲ ಹಾಕಿ ನಾಲ್ಕೂ ಸೋಲೋ ಸಾಧ್ಯತೆ 16ರಲ್ಲಿ 1. ಒಂದು ಸಂಜೆಗೆ ಒಬ್ಬೊಬ್ಬರು ನಾಲ್ಕೇ ಸಲ ದಾಳ ಹಾಕಿದರೂ, ಇಬ್ಬರು ಮಕ್ಕಳಿರೋ ಮನೆಯಲ್ಲಿ ಸುಮಾರು 8 ಸಂಜೆಗೊಮ್ಮೆ ಯಾರಾದರೂ ಒಬ್ಬರಿಗೆ ಒಂದೂ ಗೆಲುವು ಸಿಗೋದಿಲ್ಲ. ನಮಗೆ ಆ ಸಂಜೆ ಮೊದಲ ದಿನವೇ ಬಂತು, ಅಷ್ಟೇ.

ಇನ್ನೊಂದು ವಿಷಯ. 20 ಮುಖದ ದಾಳದಲ್ಲಿ ಪ್ರತಿ ಅಂಕಿಗೂ ನೂರರಲ್ಲಿ 5 ಪಾಲು ಅವಕಾಶ. 1 ಬೀಳೋದೂ 10 ಬೀಳೋದೂ ಒಂದೇ ಸಲೀಸು. ಎರಡು ಆರುಮುಖದ ದಾಳ ಹಾಕಿ ಕೂಡಿದರೆ ಹಾಗಲ್ಲ. ಮೊತ್ತಗಳು ನಡುವೆ ಗುಂಪುಗೂಡುತ್ತವೆ. ಒಂದು ಕಾಗದದ ಮೇಲೆ ಆರು ಅಡ್ಡ, ಆರು ಉದ್ದ ಮನೆ ಎಳೆದು 36 ಮನೆಗಳನ್ನೂ ಮಕ್ಕಳ ಕೈಯಲ್ಲೇ ತುಂಬಿಸಿದೆ. ಮಗ 7 ಬಂದ ಮನೆಗಳಿಗೆಲ್ಲ ಹಳದಿ ಬಣ್ಣ ಹಚ್ಚಿದ. ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಎದ್ದಿತು, 6 ಮನೆ. ಸ್ವಲ್ಪ ಹೊತ್ತು ನೋಡಿ, "7ಕ್ಕೆ ಹೋಗೋಕೆ ಜಾಸ್ತಿ ದಾರಿ ಇದೆ, 2ಕ್ಕೆ ಒಂದೇ ದಾರಿ" ಅಂದ. ಸಂಭವನೀಯತೆ ಅನ್ನೋ ದೊಡ್ಡ ಪದವನ್ನು ನಾನು ಹೇಳಲಿಲ್ಲ. ಅವನ "ದಾರಿ" ಅನ್ನೋ ಮಾತೇ ಸಾಕಾಗಿತ್ತು. ಆ ಕಾಗದ ಈಗಲೂ ಆಟದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಕೊಂಡಿದೆ.

ದಾಳ ಮಾಡಿದ್ದು, ಕೆಡಿಸಿದ್ದು, ಸರಿಮಾಡಿದ್ದು

ಆರುಮುಖದ ದಾಳ ಎಲ್ಲೆಲ್ಲೂ ಸಿಗುತ್ತೆ, ನಿಜ. ಆದರೂ ನಮ್ಮ ಆಟದ ದಾಳ ನಾವೇ ಮಾಡೋಣ ಅಂತ ಮಗಳು ಹಟ ಹಿಡಿದಳು. ಮೂಲೆಯಲ್ಲಿ ಒಂದು ಮರದ ಪಟ್ಟಿ ಬಿದ್ದಿತ್ತು, 18 ಮಿಲಿಮೀಟರ್ ಅಗಲ, 18 ಮಿಲಿಮೀಟರ್ ದಪ್ಪ. ಮೂಲೆಮಟ್ಟ ಇಟ್ಟು ಗೆರೆ ಎಳೆದು ಗರಗಸದಲ್ಲಿ ಎರಡು ತುಂಡು ಕೊಯ್ದೆ. ಅಂಚುಗಳನ್ನು ಸ್ಯಾಂಡ್‌ಪೇಪರಿನಲ್ಲಿ ಸ್ವಲ್ಪ ಮೊಂಡು ಮಾಡಿದೆ. ಚುಕ್ಕೆಗಳಿಗೆ ತೂತು ಕೊರೆಯದೆ ಬೆಂಕಿಕಡ್ಡಿಯ ತುದಿಯಿಂದ ಬಣ್ಣದ ಬೊಟ್ಟು ಇಟ್ಟೆವು. ಎದುರು ಬದುರು ಮುಖಗಳನ್ನು ಕೂಡಿದರೆ 7 ಬರಬೇಕು: 1ರ ಹಿಂದೆ 6, 2ರ ಹಿಂದೆ 5, 3ರ ಹಿಂದೆ 4. ಇದನ್ನು ಮಗಳೇ ನೋಡಿಕೊಂಡಳು.

ಎರಡು ದಿನ ಆಡಿದ ಮೇಲೆ ಮಗ ದೂರು ತಂದ. "ಈ ದಾಳದಲ್ಲಿ 6 ಬೀಳೋದೇ ಇಲ್ಲ." ಸೋತವರು ಹೇಳೋ ಮಾತು ಅಂತ ತಳ್ಳಿಹಾಕೋದು ಸುಲಭ. ಹಾಗೆ ಮಾಡದೆ ಎಣಿಸಿ ನೋಡೋಣ ಅಂದೆ. ಒಂದು ದಾಳ ತಗೊಂಡು 120 ಸಲ ಹಾಕಿದೆವು. ಒಬ್ಬರು ಹಾಕೋದು, ಒಬ್ಬರು ಗೆರೆ ಎಳೆಯೋದು. ಸರಿಯಾದ ದಾಳ ಆಗಿದ್ದರೆ ಒಂದೊಂದು ಮುಖ ಹತ್ತಿರ ಹತ್ತಿರ 20 ಸಲ ಬರಬೇಕು. ನಾಲ್ಕೈದು ಹೆಚ್ಚು ಕಮ್ಮಿ ಆದರೆ ಅದು ಸಹಜ. ನಮಗೆ ಬಂದಿದ್ದು 1 ಹನ್ನೊಂದು ಸಲ, 2 ಇಪ್ಪತ್ನಾಲ್ಕು, 3 ಇಪ್ಪತ್ತೇಳು, 4 ಇಪ್ಪತ್ಮೂರು, 5 ಇಪ್ಪತ್ತಾರು, 6 ಬರೀ ಒಂಬತ್ತು. ಹುಡುಗ ಹೇಳಿದ್ದು ಸರಿಯಾಗೇ ಇತ್ತು.

ಸ್ಕೇಲ್ ಇಟ್ಟು ಅಳೆದಾಗ ಕಾರಣ ಸಿಕ್ಕಿತು. ಪಟ್ಟಿ 18 ಮಿಲಿಮೀಟರ್, ಆದರೆ ನಾನು ಕೊಯ್ದ ತುಂಡಿನ ಉದ್ದ 20. ದಾಳ ಚೌಕವಾಗಿರಲಿಲ್ಲ, ಸ್ವಲ್ಪ ಉದ್ದವಾಗಿತ್ತು. 1 ಮತ್ತು 6 ಇದ್ದದ್ದು ಕೊಯ್ದ ತುದಿಗಳಲ್ಲಿ. ಇಟ್ಟಿಗೆಯನ್ನು ಎಸೆದು ನೋಡಿ, ಅದು ತುದಿಯ ಮೇಲೆ ನಿಲ್ಲೋದು ಅಪರೂಪ, ಮಲಗೋದೇ ಜಾಸ್ತಿ. ಇಲ್ಲೂ ಅದೇ ಆಯ್ತು. ಬರೀ 2 ಮಿಲಿಮೀಟರ್, ಅಷ್ಟು ದೊಡ್ಡ ವ್ಯತ್ಯಾಸ.

ರಿಪೇರಿ ಹೀಗೆ. ಸ್ಯಾಂಡ್‌ಪೇಪರನ್ನು ಒಂದು ಗಾಜಿನ ಹಾಳೆಯ ಮೇಲೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಕೂರಿಸಿದೆ. ಗಾಜು ಯಾಕೆ ಅಂದರೆ ಅದು ಸಮತಟ್ಟು. ಕೈಯಲ್ಲಿ ಹಿಡಿದು ಉಜ್ಜಿದರೆ ಮುಖ ಉಬ್ಬಿಕೊಳ್ಳುತ್ತೆ. ದಾಳವನ್ನು ನೆಟ್ಟಗೆ ನಿಲ್ಲಿಸಿ, ಎಂಟರ ಆಕಾರದಲ್ಲಿ ಉಜ್ಜಿದೆ. ಹತ್ತು ಸುತ್ತಿಗೊಮ್ಮೆ ಅಳತೆ. ಎರಡೂ ತುದಿಯಿಂದ ಒಂದೊಂದು ಮಿಲಿಮೀಟರ್ ತೆಗೆದೆ, ಯಾಕಂದರೆ ಒಂದೇ ಕಡೆ ತೆಗೆದರೆ ಮೊಂಡು ಮಾಡಿದ ಅಂಚು ಆ ಕಡೆ ಮಾತ್ರ ಚೂಪಾಗಿ ಬಿಡುತ್ತೆ. ಎರಡನೇ ದಾಳಕ್ಕೂ ಇದೇ ಶಿಕ್ಷೆ. ಬಣ್ಣ ಮತ್ತೆ ಹಚ್ಚಿ, ಒಣಗಿಸಿ, ಮೊದಲಿನ ದಾಳವನ್ನು ಮತ್ತೆ 120 ಸಲ ಹಾಕಿದೆವು. ಈ ಸಲ 18, 22, 19, 23, 17, 21. ಮಗ ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಗೆರೆಚಿತ್ರ ಬರೆದ. ಮೊದಲಿನದು ಗುಡ್ಡ, ಎರಡನೆಯದು ಬಯಲು.

ತನ್ನ ಅನುಮಾನವನ್ನು ಎಣಿಸಿ ತೋರಿಸಬಹುದು ಅಂತ 7 ವರ್ಷದ ಮಗುವಿಗೆ ಗೊತ್ತಾಗೋದು ಸಣ್ಣ ವಿಷಯ ಅಲ್ಲ. ಈ ದಾಳಗಳ ಮೇಲೆ ನನಗೆ ಈಗ ವಿಶೇಷ ಪ್ರೀತಿ.

ಎರಡನೇ ವಾರ: "ಆಗಲಿಲ್ಲ" ಅನ್ನೋ ಮಾತನ್ನು ಕಿತ್ತು ಹಾಕಿದ್ದು

ಇದೇ ಮುಖ್ಯ ರಿಪೇರಿ. ದಾಳ ಎಷ್ಟು ಸರಿಯಾದರೂ ಸೋತಾಗ ಕಥೆ ನಿಂತರೆ ಪ್ರಯೋಜನವಿಲ್ಲ.

ಎರಡೇ ಫಲ ಇದ್ದ ಜಾಗದಲ್ಲಿ ಮೂರು ಮಾಡಿದೆ. ಎರಡು ದಾಳ ಕೂಡಿ 10 ಅಥವಾ ಜಾಸ್ತಿ ಬಿದ್ದರೆ "ಆಯ್ತು". 7ರಿಂದ 9 ಬಿದ್ದರೆ "ಆಯ್ತು, ಆದರೆ". 6 ಅಥವಾ ಕಮ್ಮಿ ಬಿದ್ದರೆ "ಅಯ್ಯೋ, ಈಗ". ಈ ಮೂರು ಮೆಟ್ಟಿಲಿನ ಲೆಕ್ಕ 2010ರಲ್ಲಿ ಬಂದ ಅಪಾಕಲಿಪ್ಸ್ ವರ್ಲ್ಡ್ ಅನ್ನೋ ಆಟದಿಂದ ಹರಡಿದ್ದು. ಆ ಆಟ ದೊಡ್ಡವರದು, ಲೆಕ್ಕ ಮಾತ್ರ ಮಕ್ಕಳಿಗೂ ಚೆನ್ನಾಗಿ ಹೊಂದುತ್ತೆ.

ಸುಮ್ನೆ ಹಾಕಿದರೆ 36ರಲ್ಲಿ 6 ದಾರಿ ಪೂರ್ತಿ ಗೆಲುವಿಗೆ, 15 ನಡುವಿನದಕ್ಕೆ, 15 ಸೋಲಿಗೆ. ಸೋಲು ಜಾಸ್ತಿಯೇ ಆಯ್ತು, ಅಲ್ವಾ? ಅದಕ್ಕೆ ಪಾತ್ರಗಳಿಗೆ ಬಲ ಕೊಟ್ಟೆ. ಪ್ರತಿ ಪಾತ್ರಕ್ಕೂ ಮೂರೇ ಗುಣ: ಕೈ, ಕಣ್ಣು, ಮಾತು. ಯಾವ ಗುಣ ಬಳಸುತ್ತಾರೋ ಅದರ ಬಲ ದಾಳದ ಮೊತ್ತಕ್ಕೆ ಸೇರುತ್ತೆ: ಒಂದಕ್ಕೆ 2 ಕೂಡಿಸಬಹುದು, ಒಂದಕ್ಕೆ 1, ಇನ್ನೊಂದಕ್ಕೆ ಏನೂ ಇಲ್ಲ. 1 ಕೂಡಿದರೆ ಲೆಕ್ಕ 10, 16, 10 ಆಗುತ್ತೆ. 2 ಕೂಡಿದರೆ ಗೆಲುವಿಗೆ 15, ನಡುವಿಗೆ 15, ಸೋಲಿಗೆ ಬರೀ 6. ಅಂದರೆ ಮಗುವಿಗೆ ತನ್ನ ಪಾತ್ರ ಯಾವುದರಲ್ಲಿ ಜಾಣ ಅಂತ ನಿಜವಾಗಿ ಅನುಭವಕ್ಕೆ ಬರುತ್ತೆ. ಡುಂಡುಗೆ ಕೈ 2, ಕಣ್ಣು 1. ಮಗಳ ಪಾತ್ರ ತಾರೆ, ಹಡಗಿನ ನಕ್ಷೆ ಬರೆಯೋಳು, ಅವಳಿಗೆ ಕಣ್ಣು 2, ಮಾತು 1.

ಈಗ ಕಷ್ಟದ ಭಾಗ. "ಅಯ್ಯೋ, ಈಗ" ಅಂದ ಮೇಲೆ ಏನು ಹೇಳೋದು? ಆ ಕ್ಷಣಕ್ಕೆ ಹೊಳೆಯೋದಿಲ್ಲ. ಮಕ್ಕಳು ಎರಡು ಕಣ್ಣು ಬಿಟ್ಟು ನೋಡ್ತಾ ಇರುತ್ತಾರೆ. ಅದಕ್ಕೆ ಒಂದು ರಟ್ಟಿನ ಚೀಟಿಯಲ್ಲಿ ಐದು ಪ್ರಶ್ನೆ ಬರೆದಿಟ್ಟುಕೊಂಡೆ. ಹೊತ್ತು ಹೋಯ್ತಾ? ಸದ್ದಾಯ್ತಾ? ಏನಾದರೂ ಮುರಿಯಿತಾ, ಬಿತ್ತಾ? ಯಾರಾದರೂ ಬಂದರಾ? ಬೇರೆ ಎಲ್ಲೋ ತಲುಪಿಬಿಟ್ಟಿರಾ? ಬೀಗ ತೆಗೆಯೋಕೆ ಹೋಗಿ ಸೋತರೆ ಬೀಗ ಹಾಗೇ ಇರೋದಲ್ಲ. ಬೀಗ ಕಳಚಿ ಠಣ್ ಅಂತ ಕಲ್ಲಿನ ಮೇಲೆ ಬೀಳುತ್ತೆ, ಮೇಲಿನ ಕಿಟಕಿಯಲ್ಲಿ ದೀಪ ಹತ್ತುತ್ತೆ. ಕಥೆ ಒಂದು ಹೆಜ್ಜೆ ಮುಂದೆ ಹೋಯ್ತು, ಕಷ್ಟ ಒಂದು ಹೆಜ್ಜೆ ಹತ್ತಿರ ಬಂತು.

ಇದರ ಜೊತೆಗೆ ನನಗೆ ನಾನೇ ಹಾಕಿಕೊಂಡ ಒಂದು ಕಟ್ಟು: ದಾಳ ಕೈಗೆ ಕೊಡೋ ಮುಂಚೆ, "ಸೋತರೆ ಏನಾಗುತ್ತೆ?" ಅಂತ ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಉತ್ತರ ಹೊಳೆಯದಿದ್ದರೆ ದಾಳವೇ ಬೇಡ. "ಸರಿ, ಬಾಗಿಲು ತೆರೆಯಿತು" ಅಂದುಬಿಡೋದು. ಇದರಿಂದ ದಾಳ ಹಾಕೋದು ಅರ್ಧಕ್ಕೆ ಇಳಿಯಿತು, ಹಾಕಿದ್ದಕ್ಕೆಲ್ಲ ಬೆಲೆ ಬಂತು. ಮಕ್ಕಳ ಜೊತೆ ಈ ಆಟ ಆಡೋರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಮೂರನೇ ವಾರ: ರಿಪೇರಿಯ ರಿಪೇರಿ

ಒಂದು ಕಡೆ ಸರಿಹೋಯ್ತು, ಇನ್ನೊಂದು ಕಡೆ ಸೋರಿತು. ಸೋತಾಗಲೆಲ್ಲ ಪಾತ್ರದ ಒಂದು ಪ್ರಾಣ ಹೋಗೋ ಹಾಗೆ ಮಾಡಿದ್ದೆ. ದಾರಕ್ಕೆ ಪೋಣಿಸಿದ 5 ಕೆಂಪು ಮಣಿ, ಒಂದೊಂದಾಗಿ ಆಚೆ ಸರಿಸೋದು. ಕೈಯಲ್ಲಿ ಮುಟ್ಟಿ ಎಣಿಸಬಹುದಾದ್ದರಿಂದ ಮಗನಿಗೆ ಅದು ಇಷ್ಟವಾಗಿತ್ತು. ಆದರೆ ಎರಡೇ ಆಟದಲ್ಲಿ ಇಬ್ಬರೂ ಹುಷಾರಾದರು. ಡುಂಡು ಮಾತಾಡೋದನ್ನೇ ಬಿಟ್ಟ, ಯಾಕಂದರೆ ಮಾತಿಗೆ ಅವನ ಬಲ ಸೊನ್ನೆ. ತಾರೆ ಏನು ಬಂದರೂ "ಕಣ್ಣಲ್ಲಿ ನೋಡ್ತೀನಿ" ಅನ್ನೋಳು. ಮಕ್ಕಳು ಲೆಕ್ಕದಲ್ಲಿ ಪಕ್ಕಾ. ನಿಯಮ ಯಾವುದಕ್ಕೆ ಬಹುಮಾನ ಕೊಡುತ್ತೋ ಅದನ್ನೇ ಮಾಡುತ್ತಾರೆ.

ಹಾಗಾಗಿ ಅದೇ ದಾರಕ್ಕೆ ಇನ್ನೊಂದು ಬಣ್ಣ ಸೇರಿಸಿದೆ, ಹಳದಿ ಮಣಿ. 6 ಅಥವಾ ಕಮ್ಮಿ ಬಿದ್ದರೆ ಒಂದು ಹಳದಿ ಮಣಿ ಸಿಗುತ್ತೆ. ಮೂರು ಸೇರಿದರೆ ಮುಂದಿನ ಆಟಕ್ಕೆ ಯಾವುದಾದರೂ ಒಂದು ಗುಣ ಒಂದು ಮೆಟ್ಟಿಲು ಏರುತ್ತೆ. 3ಕ್ಕಿಂತ ಮೇಲೆ ಹೋಗೋ ಹಾಗಿಲ್ಲ, 3 ಇದ್ದಾಗಲೇ ಸೋಲಿಗೆ 36ರಲ್ಲಿ ಮೂರೇ ದಾರಿ ಉಳಿಯೋದು. ಕೆಂಪು ಮಣಿ ಹೋಗೋದು ಕಥೆಯಲ್ಲಿ ನಿಜವಾಗಿ ಪೆಟ್ಟಾದಾಗ ಮಾತ್ರ. ಮಾರನೇ ಆಟದಲ್ಲೇ ಡುಂಡು ಹೋಗಿ ಒಂದು ಕಾವಲು ಗೂಬೆ ಜೊತೆ ಮಾತಿಗೆ ನಿಂತ. ಕೆಟ್ಟದಾಗಿ ಸೋತ. ಮಣಿ ಸರಿಸುವಾಗ ಅವನ ಮುಖ ನೋಡಬೇಕಿತ್ತು.

ಉಳಿದ ಸಾಮಾನು

ಪಾತ್ರದ ಚೀಟಿಯನ್ನು ಮೊದಲು ಅಕ್ಷರದಲ್ಲೇ ತುಂಬಿದ್ದೆ. ಮಗ ಓದೋದು ನಿಧಾನ, ಪ್ರತಿ ಸಲ ಅಕ್ಕನ ಕಡೆ ನೋಡಬೇಕಾಗಿತ್ತು. ಈಗ ಕೈ, ಕಣ್ಣು, ಬಾಯಿಯ ಚಿತ್ರ ದೊಡ್ಡದಾಗಿದೆ, ಅದರ ಕೆಳಗೆ ಪದ ಚಿಕ್ಕದಾಗಿದೆ. ಮೂರು ವಾರದಲ್ಲಿ ಅವನು ಚಿತ್ರದ ಬದಲು ಪದಕ್ಕೇ ಬೆರಳಿಡೋಕೆ ಶುರುಮಾಡಿದ. ಚೀಟಿಯ ಕೆಳತುದಿಯನ್ನು ಮಡಚಿ ಅಂಟಿಸಿ ನಾಲ್ಕು ಜೇಬು ಮಾಡಿದ್ದೇನೆ. ಸಿಕ್ಕ ವಸ್ತುಗಳನ್ನು ಸಣ್ಣ ಕಾಗದದಲ್ಲಿ ಬರೆದು ಅದರಲ್ಲಿ ತುರುಕೋದು. ಐದನೆಯದು ಸಿಕ್ಕರೆ ಒಂದನ್ನು ಬಿಡಬೇಕು. ಹಗ್ಗ ಬಿಡೋದಾ, ಲಾಟೀನು ಬಿಡೋದಾ ಅಂತ ಇಬ್ಬರೂ ಕೂತು ಚರ್ಚೆ ಮಾಡುತ್ತಾರೆ. ಕಥೆಗಿಂತ ಅದೇ ಹೊತ್ತು ತಿನ್ನೋದೂ ಉಂಟು, ನಾನು ಅಡ್ಡ ಬರೋದಿಲ್ಲ.

ನಕ್ಷೆಯ ಹಲಗೆ ರಟ್ಟಿನದು, 25 ಮಿಲಿಮೀಟರಿನ ಚೌಕ ಮನೆಗಳು. ಮೇಲೆ ಬಿಳಿ ಕಾಗದ ಗೋಂದು ಹಚ್ಚಿ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಹಲಗೆ ದೋಣಿಯ ಹಾಗೆ ಬಾಗಿತ್ತು. ಒದ್ದೆ ಕಾಗದ ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತೆ. ಹಿಂಬದಿಗೂ ಅದೇ ಕಾಗದ, ಅದೇ ಗೋಂದು ಹಚ್ಚಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಟ್ಟೆ. ಎರಡೂ ಕಡೆ ಸಮ ಎಳೆತ ಬಂದು ನೆಟ್ಟಗಾಯ್ತು. ಅದರ ಮೇಲೆ ಅಗಲದ ಪಾರದರ್ಶಕ ಟೇಪ್. ವೈಟ್‌ಬೋರ್ಡ್ ಪೆನ್ನಿನಲ್ಲಿ ಬರೆದು ಒರೆಸಬಹುದು. ಒಂದು ಸಲ ನದಿಯ ಗೆರೆ ವಾರಗಟ್ಟಲೆ ಹಾಗೇ ಉಳಿದು ಅಳಿಸದಾಯ್ತು. ಅದೇ ಪೆನ್ನಿನಲ್ಲಿ ಅದರ ಮೇಲೇ ಮತ್ತೆ ಗೀಚಿ ಕೂಡಲೇ ಒರೆಸಿದೆ, ಹಳೆಯ ಶಾಯಿ ಕರಗಿ ಹೊಸದರ ಜೊತೆ ಬಂದುಬಿಟ್ಟಿತು. ಪಾತ್ರದ ಗೊಂಬೆಗಳು ಕಾಗದದವು, ಬೈಂಡರ್ ಕ್ಲಿಪ್ಪೇ ಪೀಠ.

ಕಥೆ ಹೇಳೋರ ಮುಂದೆ ಇಡೋ ಮರೆಹಲಗೆಯನ್ನು 30 ಸೆಂಟಿಮೀಟರ್ ಎತ್ತರ ಮಾಡಿದ್ದೆ. ಮಕ್ಕಳಿಗೆ ನನ್ನ ಮುಖವೇ ಕಾಣಲಿಲ್ಲ. ಕಥೆ ಹೇಳೋರ ಮುಖ ಕಾಣದಿದ್ದರೆ ಇನ್ನೇನು ಉಳಿಯಿತು? 18ಕ್ಕೆ ಕತ್ತರಿಸಿದೆ. ಚೀಟಿ ಮರೆಯಾಗುತ್ತೆ, ಗಲ್ಲ ಮೇಲೆ ಇರುತ್ತೆ.

ಅಕ್ಕ ಮಾತು ಜಾಸ್ತಿ. ತಮ್ಮ ಬಾಯಿ ತೆರೆಯೋ ಮುಂಚೆ ಅವಳು ಅವನ ಪಾತ್ರದ್ದೂ ಹೇಳಿ ಮುಗಿಸಿರುತ್ತಾಳೆ. ಬೈದರೆ ಆಟದ ರುಚಿ ಹೋಗುತ್ತೆ. ಒಂದು ಮರದ ತುಂಡಿಗೆ ಲಾಟೀನಿನ ಚಿತ್ರ ಅಂಟಿಸಿದೆ. ಲಾಟೀನು ಯಾರ ಮುಂದಿದೆಯೋ ಅವರದೇ ಸರದಿ, ಹೇಳಿ ಆದ ಮೇಲೆ ಅವರೇ ಇನ್ನೊಬ್ಬರಿಗೆ ದಾಟಿಸಬೇಕು. "ಕತ್ತಲಲ್ಲಿ ಇರೋರು ಪಿಸುಗುಡಬಹುದು, ಮಾಡೋ ಹಾಗಿಲ್ಲ" ಅನ್ನೋ ನಿಯಮ ಮಗಳೇ ಸೇರಿಸಿದ್ದು. ಪಿಸುಗುಟ್ಟೋದೂ ಆಟವಾಗಿ ಹೋಯ್ತು.

ಇನ್ನೊಂದು ಚೀಟಿ ಮೇಜಿನ ನಡುವೆ ಸದಾ ಇರುತ್ತೆ. ಅದರ ಮೇಲೆ ಅಡ್ಡ ಗೆರೆ ಹೊಡೆದ ಒಂದು ಚಿತ್ರ. ಕಥೆಯಲ್ಲಿ ಏನಾದರೂ ಹೆದರಿಕೆ ಆದರೆ, ಬೇಡ ಅನಿಸಿದರೆ, ಅದನ್ನು ಮುಟ್ಟಿದರೆ ಸಾಕು. ಯಾಕೆ ಅಂತ ಕೇಳೋ ಹಾಗಿಲ್ಲ, ಆ ಭಾಗ ಬಿಟ್ಟು ಮುಂದೆ ಹೋಗೋದು. ಜಾನ್ ಸ್ಟಾವ್ರೋಪೋಲಸ್ ಅನ್ನೋರು ರೂಪಿಸಿದ ಎಕ್ಸ್ ಕಾರ್ಡ್ ಇದು. ಮಗ ಒಂದೇ ಸಲ ಮುಟ್ಟಿದ್ದಾನೆ, ಬಾವಿಯೊಳಗಿನ ಕೈ ಬಂದಾಗ. ಕೈ ಕಪ್ಪೆಯಾಯಿತು. ಅವನು ಕುರ್ಚಿಯಲ್ಲಿ ಮತ್ತೆ ಮುಂದಕ್ಕೆ ಸರಿದು ಕೂತ.

ಒಂದು ಆಟಕ್ಕೆ 45 ನಿಮಿಷ ಸಾಕು. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸುತ್ತೇನೆ.

ಐದನೇ ವಾರ

ಮಗಳು ಮರೆಹಲಗೆಯ ಹಿಂದೆ ತಾನು ಕೂರುತ್ತೇನೆ ಅಂದಳು. ನಾನು ಪಾತ್ರ ತಗೊಂಡೆ, ಒಬ್ಬ ಕುಂಟ ಅಂಚೆಯವನು. ಮಗ ಡುಂಡುವೇ. ಕಥೆ ಅದೇ ಕಲ್ಲಿನ ಗೋಪುರಕ್ಕೆ ಬಂತು. ಬೇಕಂತಲೇ ತಂದಿದ್ದಳು. ಬೀಗ ಹಾಕಿದ ಬಾಗಿಲು.

ಡುಂಡು ಬೀಗಕ್ಕೆ ಕೈ ಹಾಕಿದ. ಮರದ ದಾಳಗಳನ್ನು ಎರಡು ಅಂಗೈ ನಡುವೆ ಕುಲುಕಿ ಬಿಟ್ಟ. 1 ಮತ್ತು 1. ಕೈಗೆ ಬಲ 2, ಒಟ್ಟು 4. ನಾನು ಅವನ ಮುಖ ನೋಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಹಳದಿ ಮಣಿಯನ್ನು ಸರಿಸುತ್ತಲೇ ಅಕ್ಕನ ಕಡೆ ಬಗ್ಗಿ ಕೇಳಿದ, "ಅಯ್ಯೋ! ಈಗ ಏನಾಯ್ತಕ್ಕ?"

ಅವಳು ಐದು ಪ್ರಶ್ನೆಯ ಚೀಟಿಯ ಮೇಲೆ ಬೆರಳಾಡಿಸಿದಳು. ಕೊನೆಯದರ ಮೇಲೆ ಬೆರಳು ನಿಂತಿತು.

"ಬೀಗ ತೆರೆಯಿತು ಪುಟ್ಟ" ಅಂದಳು. "ಆದ್ರೆ ಬಾಗಿಲ ಆ ಕಡೆ ಗೋಪುರ ಇಲ್ಲ. ಸಮುದ್ರ ಇದೆ."